ದೂರದ ಎರಡು ವಿಮಾನ ನಿಲ್ದಾಣಗಳ ನಡುವಿನ ಅಂತರವನ್ನೂ ಪ್ರಯಾಣದ ಅವಧಿಯನ್ನೂ ಲೆಕ್ಕ ಹಾಕುವ ಬಗೆ

ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಎಷ್ಟು ದೂರ, ತಲುಪಲು ಎಷ್ಟು ಹೊತ್ತು ಎಂಬ ಎರಡು ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಕೇಳುತ್ತೇವೆ. ದೂರ ತಿಳಿದರೆ ಅದನ್ನು ವೇಗದಿಂದ ಭಾಗಿಸಿ ಸಮಯ ಪಡೆಯಬಹುದು ಎಂಬ ಶಾಲೆಯ ಲೆಕ್ಕ ಮನಸ್ಸಿನಲ್ಲಿ ಕುಳಿತಿರುವುದೇ ಇದಕ್ಕೆ ಕಾರಣ. ಖಂಡದಿಂದ ಖಂಡಕ್ಕೆ ಹೋಗುವ ಹಾರಾಟಗಳಲ್ಲಿ ಈ ಲೆಕ್ಕ ಸುಲಭವಾಗಿ ಒಂದೆರಡು ಗಂಟೆ ತಪ್ಪುತ್ತದೆ. ದೂರವೆನ್ನುವುದು ಭೂಮಿಯ ಆಕಾರಕ್ಕೆ ಸೇರಿದ ವಿಷಯ. ಅದನ್ನು ಒಮ್ಮೆ ಸರಿಯಾಗಿ ಕಂಡುಕೊಂಡರೆ ಮತ್ತೆ ಬದಲಾಗುವುದಿಲ್ಲ. ಅವಧಿಯಾದರೋ ಗಾಳಿಗೆ, ಯಾವ ದೇಶದ ಆಕಾಶದಲ್ಲಿ ಹಾರಲು ಅನುಮತಿ ಇದೆ ಎಂಬುದಕ್ಕೆ, ರನ್‌ವೇ ಮುಂದಿನ ಸರತಿಗೆ ಒಳಪಟ್ಟದ್ದು. ಅದು ಋತುವಿನಿಂದ ಋತುವಿಗೆ, ಹೋಗುವ ದಿಕ್ಕಿನಿಂದ ಬರುವ ದಿಕ್ಕಿಗೆ ಬೇರೆಯಾಗುತ್ತದೆ. ಹಾಗಾಗಿ ಮೊದಲು ಅಂತರ, ಆಮೇಲೆ ನಿಜವಾದ ಮಾರ್ಗ, ಆಮೇಲೆ ಹಾರಾಟದ ಸಮಯ, ಕೊನೆಗೆ ಗಡಿಯಾರ ಎಂಬ ಕ್ರಮದಲ್ಲಿ ಹೋಗುವುದು ಒಳ್ಳೆಯದು. ಇಲ್ಲಿ ಲಂಡನ್ನಿನ ಹೀಥ್ರೂ ಮತ್ತು ಅಮೆರಿಕದ ಲಾಸ್ ಏಂಜಲೀಸ್ ನಿಲ್ದಾಣಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಪ್ರತಿ ಹಂತವನ್ನೂ ಲೆಕ್ಕ ಮಾಡಿ ತೋರಿಸಿದ್ದೇನೆ. ಇದೇ ವಿಧಾನವನ್ನು ಯಾವ ಎರಡು ನಿಲ್ದಾಣಗಳಿಗೂ ಬಳಸಬಹುದು.

ನಿಲ್ದಾಣ ಯಾವುದು, ಅದು ಎಲ್ಲಿದೆ

ಊರಿನ ಹೆಸರಿನಿಂದ ಲೆಕ್ಕ ಆರಂಭಿಸಬಾರದು. ನಿಲ್ದಾಣದ ಸಂಕೇತದಿಂದ ಆರಂಭಿಸಬೇಕು. ಲಂಡನ್ ಎಂದರೆ ಹೀಥ್ರೂ ಆಗಬಹುದು, ಗ್ಯಾಟ್ವಿಕ್, ಸ್ಟಾನ್‌ಸ್ಟೆಡ್ ಅಥವಾ ಲೂಟನ್ ಆಗಬಹುದು. ಟೋಕಿಯೋದ ನರಿಟಾ ಮತ್ತು ಹನೇಡಾ ನಿಲ್ದಾಣಗಳ ನಡುವೆಯೇ ಸುಮಾರು 60 ಕಿಲೋಮೀಟರ್ ಅಂತರವಿದೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ ಒಂದೇ ಹೆಸರಿನ ಬೇರೆ ಬೇರೆ ಊರುಗಳು. ಆಸ್ಟ್ರೇಲಿಯಾದ ಸಿಡ್ನಿಗೆ ಹೋಗಬೇಕಾದವರು ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಸಿಡ್ನಿಗೆ ಟಿಕೆಟ್ ಮಾಡಿಸಿ ಅಲ್ಲಿಗೆ ಹೋಗಿ ಇಳಿದ ಪ್ರಸಂಗಗಳು ನಡೆದಿವೆ. ಮೊದಲನೆಯದರ ಸಂಕೇತ ‘ಎಸ್‌ವೈಡಿ’, ಎರಡನೆಯದರದು ‘ವೈಕ್ಯೂವೈ’. ಟಿಕೆಟ್ ಮತ್ತು ಲಗೇಜ್ ಚೀಟಿಗಳ ಮೇಲೆ ಕಾಣುವ ಇಂಥ ಮೂರಕ್ಷರದ ಸಂಕೇತಗಳನ್ನು ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘವಾದ ಐಯಾಟಾ ಕೊಡುತ್ತದೆ. ಪೈಲಟ್‌ಗಳು ಮತ್ತು ವಾಯು ಸಂಚಾರ ನಿಯಂತ್ರಕರು ಬಳಸುವ ನಾಲ್ಕಕ್ಷರದ ಸಂಕೇತಗಳು ಬೇರೆ. ಅವು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಕಾವೊದ ವ್ಯವಸ್ಥೆಗೆ ಸೇರಿದವು. ಹೀಥ್ರೂ ಮೊದಲ ಪದ್ಧತಿಯಲ್ಲಿ ‘ಎಲ್‌ಎಚ್‌ಆರ್’, ಎರಡನೆಯದರಲ್ಲಿ ‘ಇಜಿಎಲ್‌ಎಲ್’. ನಮ್ಮ ಕೆಲಸಕ್ಕೆ ಯಾವುದಾದರೂ ಒಂದು ಸಾಕು, ಆದರೆ ಅದು ಖಚಿತವಾಗಿರಬೇಕು.

ಸಂಕೇತ ಸಿಕ್ಕ ಮೇಲೆ ಆ ನಿಲ್ದಾಣದ ಅಕ್ಷಾಂಶ ಮತ್ತು ರೇಖಾಂಶಗಳನ್ನು ದಶಮಾಂಶದಲ್ಲಿ ಬರೆದುಕೊಳ್ಳಿ. ಹೀಥ್ರೂ ಉತ್ತರಕ್ಕೆ 51.4700 ಡಿಗ್ರಿ, ಪಶ್ಚಿಮಕ್ಕೆ 0.4543 ಡಿಗ್ರಿಯಲ್ಲಿದೆ. ಲಾಸ್ ಏಂಜಲೀಸ್ ಉತ್ತರಕ್ಕೆ 33.9416, ಪಶ್ಚಿಮಕ್ಕೆ 118.4085 ಡಿಗ್ರಿಯಲ್ಲಿದೆ. ಉತ್ತರ ಮತ್ತು ಪೂರ್ವಕ್ಕೆ ಧನ ಚಿಹ್ನೆ, ದಕ್ಷಿಣ ಮತ್ತು ಪಶ್ಚಿಮಕ್ಕೆ ಋಣ ಚಿಹ್ನೆ ಎಂಬುದು ರೂಢಿ. ಈ ಹಂತದಲ್ಲಿ ಎರಡು ತಪ್ಪುಗಳು ಪದೇ ಪದೇ ಆಗುತ್ತವೆ. ಒಂದು, ಡಿಗ್ರಿ ಮತ್ತು ಮಿನಿಟುಗಳನ್ನು ದಶಮಾಂಶವೆಂದು ಓದುವುದು: 51 ಡಿಗ್ರಿ 28 ಮಿನಿಟು ಎಂದರೆ 51.28 ಅಲ್ಲ, 28ನ್ನು 60ರಿಂದ ಭಾಗಿಸಬೇಕಾದ್ದರಿಂದ ಅದು 51.467. ಹಾಗೆ ತಪ್ಪಿ ಬರೆದರೆ ನಿಲ್ದಾಣ ಸುಮಾರು 20 ಕಿಲೋಮೀಟರ್ ದಕ್ಷಿಣಕ್ಕೆ ಜರುಗಿಬಿಡುತ್ತದೆ.

ಇನ್ನೊಂದು ತಪ್ಪು ಚಿಹ್ನೆಯದು, ಇದು ಹೆಚ್ಚು ಮೋಸದ್ದು. ಲಾಸ್ ಏಂಜಲೀಸಿನ ರೇಖಾಂಶಕ್ಕೆ ಋಣ ಚಿಹ್ನೆ ಹಾಕುವುದು ಮರೆತುಹೋಯಿತು ಎನ್ನೋಣ. ಆಗ ನಾವು ಹೀಥ್ರೂನಿಂದ ಪೂರ್ವ ಚೀನಾದ ಜಿಯಾಂಗ್ಸು ಪ್ರಾಂತ್ಯದ ಒಂದು ಜಾಗಕ್ಕೆ ದೂರ ಅಳೆಯುತ್ತಿರುತ್ತೇವೆ. ಆದರೂ ಬರುವ ಉತ್ತರ ಸುಮಾರು 8,807 ಕಿಲೋಮೀಟರ್. ಸರಿಯಾದ ಉತ್ತರ 8,760. ಹೀಥ್ರೂ ಶೂನ್ಯ ರೇಖಾಂಶಕ್ಕೆ ಬಹಳ ಹತ್ತಿರವಿರುವುದರಿಂದ ಪೂರ್ವಕ್ಕೆ 118 ಡಿಗ್ರಿ ಹೋದರೂ ಪಶ್ಚಿಮಕ್ಕೆ 118 ಡಿಗ್ರಿ ಹೋದರೂ ದೂರ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಉತ್ತರ ನಂಬುವಂತಿದೆ ಎಂಬ ಒಂದೇ ಕಾರಣಕ್ಕೆ ಲೆಕ್ಕ ಸರಿ ಎಂದುಕೊಳ್ಳಬಾರದು. ಎರಡು ಬಿಂದುಗಳನ್ನೂ ನಕ್ಷೆಯಲ್ಲಿ ತೆರೆದು ರನ್‌ವೇ ಕಣ್ಣಿಗೆ ಬೀಳುತ್ತದೆಯೇ ಎಂದು ನೋಡಿಬಿಡುವುದು ಅರ್ಧ ನಿಮಿಷದ ಕೆಲಸ, ಅದನ್ನು ಬಿಡಬೇಡಿ.

ಮಹಾವೃತ್ತದ ದೂರ

ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಗೆ ಮಹಾವೃತ್ತದ ದಾರಿ ಎನ್ನುತ್ತಾರೆ. ಭೂಕೇಂದ್ರದ ಮೂಲಕ ಹಾದು ಎರಡೂ ನಿಲ್ದಾಣಗಳನ್ನು ಮುಟ್ಟುವಂತೆ ಭೂಮಿಯನ್ನು ಸೀಳಿದರೆ ಮೇಲ್ಮೈಯಲ್ಲಿ ಮೂಡುವ ಗೆರೆಯೇ ಅದು. ಅದರ ಉದ್ದವನ್ನು ಒಂದು ಸಾದಾ ಕ್ಯಾಲ್ಕುಲೇಟರಿನಲ್ಲೂ ಕಂಡುಹಿಡಿಯಬಹುದು, ಅದರಲ್ಲಿ ಸೈನ್ ಮತ್ತು ಕೊಸೈನ್ ಇದ್ದರಾಯಿತು.

ಮೊದಲು ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ನಮ್ಮ ಉದಾಹರಣೆಯಲ್ಲಿ 0.78228 ಮತ್ತು 0.55835, ಗುಣಲಬ್ಧ 0.43679. ಆಮೇಲೆ ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಕೊಸೈನ್‌ಗಳು 0.62292 ಮತ್ತು 0.82961, ರೇಖಾಂಶಗಳ ವ್ಯತ್ಯಾಸ 117.9542 ಡಿಗ್ರಿ, ಅದು 90ನ್ನು ಮೀರಿರುವುದರಿಂದ ಅದರ ಕೊಸೈನ್ ಋಣ ಸಂಖ್ಯೆ, ಅಂದರೆ −0.46877. ಮೂರನ್ನೂ ಗುಣಿಸಿದಾಗ −0.24225 ಬರುತ್ತದೆ. ಎರಡು ಗುಣಲಬ್ಧಗಳನ್ನು ಕೂಡಿಸಿದರೆ 0.19454. ಈ ಸಂಖ್ಯೆ ಯಾವ ಕೋನದ ಕೊಸೈನ್ ಆಗಿದೆಯೋ ಅದೇ ಭೂಕೇಂದ್ರದಲ್ಲಿ ನಿಂತು ನೋಡಿದಾಗ ಎರಡು ನಿಲ್ದಾಣಗಳ ನಡುವೆ ಕಾಣುವ ಕೋನ: 78.78 ಡಿಗ್ರಿ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿಲೋಮೀಟರ್ ಆದ್ದರಿಂದ ಮಹಾವೃತ್ತದ ಪ್ರತಿ ಡಿಗ್ರಿಯ ಉದ್ದ 111.19 ಕಿಲೋಮೀಟರ್. ಗುಣಿಸಿದರೆ ದೂರ 8,760 ಕಿಲೋಮೀಟರ್. ಸ್ಪ್ರೆಡ್‌ಶೀಟಿನಲ್ಲಿ ಇದನ್ನು ಮಾಡುವವರು ಒಂದು ಎಚ್ಚರ ವಹಿಸಬೇಕು: ಅಲ್ಲಿನ ಸೈನ್, ಕೊಸೈನ್ ಫಲನಗಳು ಕೋನವನ್ನು ಡಿಗ್ರಿಯಲ್ಲಲ್ಲ, ರೇಡಿಯನ್ ಎಂಬ ಇನ್ನೊಂದು ಕೋನಮಾನದಲ್ಲಿ ನಿರೀಕ್ಷಿಸುತ್ತವೆ. ಪರಿವರ್ತಿಸದೆ ಡಿಗ್ರಿಯನ್ನೇ ಕೊಟ್ಟರೆ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ಈ 8,760 ಎಷ್ಟು ನಿಖರ? ಭೂಮಿ ಪೂರ್ಣ ಗೋಳವಲ್ಲ. ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಸಮಭಾಜಕ ವೃತ್ತದ ಬಳಿ ಅದರ ತ್ರಿಜ್ಯ 6,378 ಕಿಲೋಮೀಟರ್, ಧ್ರುವದ ಬಳಿ 6,357. ಈ ಚಪ್ಪಟೆತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿನ್ಸೆಂಟಿ ಸೂತ್ರ 1975ರಲ್ಲಿ ಪ್ರಕಟವಾಯಿತು. ಜಿಪಿಎಸ್ ಬಳಸುವ, ಡಬ್ಲ್ಯೂಜಿಎಸ್ 84 ಎಂಬ ಭೂಮಿಯ ಆಕಾರದ ಮಾದರಿಯ ಮೇಲೆ ಅಂಥ ಸೂತ್ರವನ್ನು ಹಚ್ಚಿದರೆ ಹೀಥ್ರೂ–ಲಾಸ್ ಏಂಜಲೀಸ್ ದೂರ ಸುಮಾರು 8,780 ಕಿಲೋಮೀಟರ್ ಆಗುತ್ತದೆ. ಗ್ರೇಟ್ ಸರ್ಕಲ್ ಮ್ಯಾಪರ್‌ನಂಥ ಜಾಲತಾಣ ಕೊಡುವ ಅಂಕಿಗೂ ನಿಮ್ಮ ಕೈಲೆಕ್ಕಕ್ಕೂ ಇಪ್ಪತ್ತು ಕಿಲೋಮೀಟರಿನಷ್ಟು ವ್ಯತ್ಯಾಸ ಕಂಡರೆ ಗಾಬರಿ ಬೇಡ. ಗೋಳದ ಲೆಕ್ಕದಲ್ಲಿ ಶೇಕಡಾ ಅರ್ಧದವರೆಗೂ ವ್ಯತ್ಯಾಸ ಸಹಜ. ವಿಮಾನ ನೆಲದಿಂದ 11 ಕಿಲೋಮೀಟರ್ ಎತ್ತರದಲ್ಲಿ ಹಾರುವುದರಿಂದ ದಾರಿ ಉದ್ದವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಇಷ್ಟು ದೂರಕ್ಕೆ ಹದಿನೈದು ಕಿಲೋಮೀಟರ್ ಮಾತ್ರ.

ಅಳತೆಯ ಮಾನದ ಬಗ್ಗೆ ಒಂದು ಮಾತು. ವಾಯುಯಾನದಲ್ಲಿ ದೂರವನ್ನು ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ. 1929ರ ಅಂತರರಾಷ್ಟ್ರೀಯ ಒಪ್ಪಂದದಂತೆ ಅದು ಸರಿಯಾಗಿ 1,852 ಮೀಟರ್. ಭೂಮಿಯ ಮೇಲಿನ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಇದು ಸರಿಹೊಂದುವುದರಿಂದ 78.78ನ್ನು 60ರಿಂದ ಗುಣಿಸಿದರೆ ನೇರವಾಗಿ 4,727 ನಾಟಿಕಲ್ ಮೈಲಿ ಸಿಗುತ್ತದೆ. ರಸ್ತೆಯ ಮೈಲಿ 1.609 ಕಿಲೋಮೀಟರ್, ಆ ಲೆಕ್ಕದಲ್ಲಿ ಇದೇ ದೂರ 5,443 ಮೈಲಿ. ಬರೀ ‘ಮೈಲಿ’ ಎಂದು ಬರೆದಿರುವ ಕಡೆ ಯಾವ ಮೈಲಿ ಎಂದು ಕೇಳಿ ತಿಳಿದುಕೊಳ್ಳಿ, ಏಕೆಂದರೆ ಎರಡಕ್ಕೂ ಶೇಕಡಾ 15ರ ವ್ಯತ್ಯಾಸವಿದೆ.

ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ದೂರ ತೆಗೆಯುವ ಅಭ್ಯಾಸವನ್ನು ಇಲ್ಲಿ ಬಿಡಲೇಬೇಕು. ಮರ್ಕೇಟರ್ ಮಾದರಿಯ ಸಪಾಟು ನಕ್ಷೆಯಲ್ಲಿ ಲಂಡನ್ನಿನಿಂದ ಲಾಸ್ ಏಂಜಲೀಸಿಗೆ ಎಳೆದ ನೇರ ಗೆರೆ ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ನೈರುತ್ಯಕ್ಕೆ ಸಾಗುವ ದಾರಿ. ಆ ದಾರಿಯ ನಿಜವಾದ ಉದ್ದ ಸುಮಾರು 9,730 ಕಿಲೋಮೀಟರ್, ಅಂದರೆ ಮಹಾವೃತ್ತಕ್ಕಿಂತ ಹತ್ತಿರ ಹತ್ತಿರ 970 ಕಿಲೋಮೀಟರ್ ಹೆಚ್ಚು. ಮಹಾವೃತ್ತದ ದಾರಿ ಹೊರಡುವುದು ನೈರುತ್ಯಕ್ಕಲ್ಲ, ವಾಯವ್ಯಕ್ಕೆ. ಅದು 62 ಡಿಗ್ರಿ ಉತ್ತರದವರೆಗೆ ಏರಿ, ಗ್ರೀನ್‌ಲ್ಯಾಂಡಿನ ದಕ್ಷಿಣ ಭಾಗವನ್ನು ದಾಟಿ, ಕೆನಡಾದ ಮೇಲೆ ಇಳಿಯುತ್ತಾ ಬರುತ್ತದೆ. ತಲುಪಬೇಕಾದ ಊರು ದಕ್ಷಿಣಕ್ಕಿದ್ದರೂ ವಿಮಾನ ಉತ್ತರಕ್ಕೆ ಏಕೆ ಹೊರಟಿತು ಎಂದು ಆಸನದ ಮುಂದಿನ ಪರದೆ ನೋಡಿ ಅಚ್ಚರಿಪಡುವವರಿಗೆ ಉತ್ತರ ಇದೇ: ಸುತ್ತು ಎಂದು ಕಾಣುವುದು ನಕ್ಷೆಯ ಮಿತಿ, ದಾರಿ ನಿಜಕ್ಕೂ ಹತ್ತಿರದ್ದು. ಗೋಳಾಕಾರದ ನಕ್ಷೆ ತೋರಿಸುವ ಗೂಗಲ್ ಅರ್ಥ್‌ನ ಅಳತೆಯ ಸಾಧನದಲ್ಲಿ ಇದನ್ನು ಕಣ್ಣಾರೆ ನೋಡಬಹುದು.

ವಿಮಾನ ನಿಜವಾಗಿ ಹಾರುವ ದಾರಿ

ಮಹಾವೃತ್ತದ ದೂರ ಒಂದು ಕನಿಷ್ಠ ಮಿತಿ. ವಿಮಾನ ಅದಕ್ಕಿಂತ ಕಡಿಮೆ ಹಾರುವಂತಿಲ್ಲ, ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ಹಾರುತ್ತದೆ. ಮೇಲೇರುವಾಗ ಮತ್ತು ಇಳಿಯುವಾಗ ನಿಗದಿತ ತಿರುವುಗಳನ್ನು ಅನುಸರಿಸಬೇಕು; ನೆಲದ ಮೇಲಿನ ಆಕಾಶದಲ್ಲಿ ಗೊತ್ತುಪಡಿಸಿದ ವಾಯುಮಾರ್ಗಗಳಿವೆ. ಉತ್ತರ ಅಟ್ಲಾಂಟಿಕ್ ಮೇಲೆ ಆ ದಿನದ ಗಾಳಿಯನ್ನು ನೋಡಿಕೊಂಡು ದಿನಕ್ಕೆ ಎರಡು ಬಾರಿ, ಪಶ್ಚಿಮಕ್ಕೆ ಹೋಗುವವರಿಗೆ ಒಮ್ಮೆ, ಪೂರ್ವಕ್ಕೆ ಬರುವವರಿಗೆ ಒಮ್ಮೆ, ಸಾಲು ಮಾರ್ಗಗಳನ್ನು ಪ್ರಕಟಿಸುತ್ತಾರೆ. ಎರಡೇ ಎಂಜಿನ್ನಿನ ವಿಮಾನವು ಒಂದು ಎಂಜಿನ್ ಕೆಟ್ಟರೂ ನಿಗದಿತ ಸಮಯದೊಳಗೆ ತಲುಪಬಹುದಾದ ಒಂದು ನಿಲ್ದಾಣವನ್ನು ಸದಾ ಕೈಯಳತೆಯಲ್ಲಿ ಇಟ್ಟುಕೊಳ್ಳಬೇಕೆಂಬ ನಿಯಮವೂ ಇದೆ. ಇವೆಲ್ಲ ಸೇರಿ ಅಡೆತಡೆ ಇಲ್ಲದ ಮಾರ್ಗದಲ್ಲಿ ಶೇಕಡಾ 2ರಿಂದ 5ರಷ್ಟು ಹೆಚ್ಚು ದೂರ ಹಿಡಿದುಕೊಂಡರೆ ಲೆಕ್ಕ ಸಮೀಪಕ್ಕೆ ಬರುತ್ತದೆ. ನಮ್ಮ ಉದಾಹರಣೆಗೆ 9,000 ಕಿಲೋಮೀಟರ್ ಎಂದು ಇಟ್ಟುಕೊಳ್ಳೋಣ.

ಅಡೆತಡೆ ಇದ್ದಾಗ ಈ ಶೇಕಡಾವಾರು ಯಾವ ಕೆಲಸಕ್ಕೂ ಬರುವುದಿಲ್ಲ. 2022ರಲ್ಲಿ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿದಾಗ, ಹೆಲ್ಸಿಂಕಿಯಿಂದ ಟೋಕಿಯೋಗೆ ಅದುವರೆಗೆ ಸುಮಾರು ಒಂಬತ್ತೂವರೆ ಗಂಟೆಯಲ್ಲಿ ತಲುಪುತ್ತಿದ್ದ ವಿಮಾನಗಳಿಗೆ ಹದಿಮೂರು ಗಂಟೆಯ ಆಸುಪಾಸು ಬೇಕಾಯಿತು. ಕೆಲವು ಹಾರಾಟಗಳು ಉತ್ತರ ಧ್ರುವದ ಕಡೆಯಿಂದ ಸುತ್ತಿ ಹೋಗತೊಡಗಿದವು. ಎರಡು ನಿಲ್ದಾಣಗಳೂ ಇದ್ದಲ್ಲೇ ಇದ್ದವು, ಮಹಾವೃತ್ತದ ದೂರ ಒಂದು ಮೀಟರ್ ಕೂಡ ಬದಲಾಗಲಿಲ್ಲ. ಹಾಗಾಗಿ ಸೂತ್ರದಿಂದ ದೂರ ತೆಗೆದ ಮೇಲೆ ಆ ಗೆರೆ ಯಾವ ಯಾವ ದೇಶಗಳ ಮೇಲೆ ಹಾಯುತ್ತದೆ ಎಂದು ಒಮ್ಮೆ ಗಮನಿಸಿ. ಮುಚ್ಚಿದ ಅಥವಾ ಸಂಘರ್ಷದ ಪ್ರದೇಶ ನಡುವೆ ಸಿಕ್ಕರೆ, ವಿಮಾನ ಅದನ್ನು ತಪ್ಪಿಸಿ ಸುತ್ತಿ ಹೋಗುವಂತೆ ನಡುವೆ ಒಂದೆರಡು ಬಿಂದುಗಳನ್ನು ಆರಿಸಿ, ಪ್ರತಿ ತುಂಡಿನ ಮಹಾವೃತ್ತದ ದೂರವನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ ಕೂಡಿಸಿ.

ಹೆಚ್ಚು ದೂರ ಹಾರಿ ಬೇಗ ತಲುಪುವುದೂ ಸಾಧ್ಯ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ಹಾರಾಟವನ್ನು ಅಟ್ಲಾಂಟಿಕ್ ಕಡೆಯಿಂದ ಪೆಸಿಫಿಕ್ ಕಡೆಗೆ ಬದಲಿಸಿತು. ದಾರಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉದ್ದವಾಗಿ 15,300 ಕಿಲೋಮೀಟರ್ ಮುಟ್ಟಿದರೂ ಸಮಯ ಎರಡು ಗಂಟೆಯಷ್ಟು ಕಡಿಮೆಯಾಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಕಾರಣ ಗಾಳಿ.

ವೇಗ, ಗಾಳಿ ಮತ್ತು ಅವಧಿ

ದೂರದ ಹಾರಾಟದ ದೊಡ್ಡ ಜೆಟ್ ವಿಮಾನಗಳು ಶಬ್ದದ ವೇಗದ ಸುಮಾರು 0.85ರಷ್ಟರಲ್ಲಿ ಸಾಗುತ್ತವೆ. 11 ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಸಾಧಾರಣ −56 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆ ಚಳಿಯಲ್ಲಿ ಶಬ್ದದ ವೇಗವೇ ಗಂಟೆಗೆ 1,062 ಕಿಲೋಮೀಟರ್‌ಗೆ ಇಳಿದಿರುವುದರಿಂದ ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್ ಆಗುತ್ತದೆ. ಆದರೆ ಇದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಹೊಳೆಯಲ್ಲಿ ಸಾಗುವ ದೋಣಿಗೆ ಹರಿವಿನ ವೇಗ ಸೇರುವಂತೆ ಅಥವಾ ಕಳೆಯುವಂತೆ, ವಿಮಾನದ ವೇಗಕ್ಕೆ ಗಾಳಿಯ ವೇಗವನ್ನು ಕೂಡಿಸಿ ಅಥವಾ ಕಳೆದು ನೆಲದ ಮೇಲಿನ ವೇಗವನ್ನು ಪಡೆಯಬೇಕು.

ಮಧ್ಯ ಅಕ್ಷಾಂಶಗಳಲ್ಲಿ, ಜೆಟ್ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಲವಾದ ಗಾಳಿಯ ಪ್ರವಾಹ ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ ಅದರ ಬಲ ಹೆಚ್ಚು. ಕೆಲವೊಮ್ಮೆ ಗಂಟೆಗೆ 300 ಕಿಲೋಮೀಟರನ್ನೂ ಮೀರುತ್ತದೆ. 2020ರ ಫೆಬ್ರುವರಿ 8ರಂದು ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಹೊರಟ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನ 4 ಗಂಟೆ 56 ನಿಮಿಷದಲ್ಲಿ ತಲುಪಿತು. ನೆಲದ ಮೇಲಿನ ಅದರ ವೇಗ ಗಂಟೆಗೆ 1,300 ಕಿಲೋಮೀಟರ್ ದಾಟಿದ್ದರೂ ಅದು ಶಬ್ದದ ವೇಗವನ್ನು ಮೀರಿರಲಿಲ್ಲ, ಏಕೆಂದರೆ ತನ್ನ ಸುತ್ತಲಿನ ಗಾಳಿಯೊಳಗೆ ಅದು ಎಂದಿನ ವೇಗದಲ್ಲೇ ಇತ್ತು. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಗುರಿ ತಾನಾಗಿ ಎದುರು ಬರಬೇಕಲ್ಲವೇ ಎಂಬ ವಾದ ಆಗಾಗ ಕೇಳಿಬರುತ್ತದೆ. ವಾತಾವರಣವೂ ಭೂಮಿಯ ಜೊತೆಯಲ್ಲೇ ತಿರುಗುವುದರಿಂದ ಹಾಗೆ ಆಗುವುದಿಲ್ಲ. ಲೆಕ್ಕಕ್ಕೆ ಬೇಕಾದದ್ದು ಗಾಳಿ ಮಾತ್ರ.

ಇಡೀ ದಾರಿಯಲ್ಲಿ ಗಾಳಿ ಒಂದೇ ಸಮನಾಗಿ ಬೀಸುವುದಿಲ್ಲವಾದ್ದರಿಂದ ಸರಾಸರಿ ಹಿಡಿಯಬೇಕು. ಪಶ್ಚಿಮಕ್ಕೆ ಹೋಗುವ ವಿಮಾನಗಳು ಜೆಟ್ ಸ್ಟ್ರೀಮನ್ನು ತಪ್ಪಿಸಿಕೊಂಡು, ಪೂರ್ವಕ್ಕೆ ಬರುವವು ಅದನ್ನು ಹುಡುಕಿಕೊಂಡು ಹಾರುತ್ತವೆ ಎಂಬುದನ್ನೂ ನೆನಪಿಡಬೇಕು. ನಮ್ಮ ಉದಾಹರಣೆಗೆ ಎರಡೂ ಕಡೆ ಸರಾಸರಿ 50 ಕಿಲೋಮೀಟರ್ ಗಾಳಿ ಎಂದು ಇಟ್ಟುಕೊಳ್ಳೋಣ. ಲಂಡನ್ನಿನಿಂದ ಹೋಗುವಾಗ 9,000 ಕಿಲೋಮೀಟರನ್ನು 850ರಿಂದ ಭಾಗಿಸಿದರೆ 10 ಗಂಟೆ 35 ನಿಮಿಷ. ಬರುವಾಗ 950ರಿಂದ ಭಾಗಿಸಿದರೆ 9 ಗಂಟೆ 28 ನಿಮಿಷ. ಒಂದು ಗಂಟೆಗೂ ಹೆಚ್ಚಿನ ಅಂತರ! ಗಾಳಿ ಇನ್ನೂ ಬಲವಾಗಿದ್ದರೆ ಇನ್ನೊಂದು ಸಂಗತಿ ಗೋಚರಿಸುತ್ತದೆ. ಗಂಟೆಗೆ 100 ಕಿಲೋಮೀಟರ್ ಗಾಳಿಯಲ್ಲಿ ಹೋಗಲು ಹನ್ನೊಂದೂಕಾಲು ಗಂಟೆ, ಬರಲು ಒಂಬತ್ತು ಗಂಟೆ, ಒಟ್ಟು ಇಪ್ಪತ್ತೂಕಾಲು. ಗಾಳಿಯೇ ಇಲ್ಲದಿದ್ದರೆ ಒಟ್ಟು ಇಪ್ಪತ್ತೇ ಗಂಟೆ. ಎದುರುಗಾಳಿಯಲ್ಲಿ ಕಳೆದುಕೊಂಡದ್ದು ಬೆನ್ನಹಿಂದಿನ ಗಾಳಿಯಲ್ಲಿ ಪೂರ್ತಿಯಾಗಿ ಮರಳಿ ಸಿಗುವುದಿಲ್ಲ, ಏಕೆಂದರೆ ಎದುರುಗಾಳಿಯೊಳಗೆ ವಿಮಾನ ಹೆಚ್ಚು ಹೊತ್ತು ಇರುತ್ತದೆ.

ಇದು ಬರೀ ಆಕಾಶದ ಸಮಯ. ಟಿಕೆಟಿನಲ್ಲಿ ಕಾಣುವ ಅವಧಿ ಬೇರೆ. ವಿಮಾನ ಗೇಟಿನಿಂದ ಕದಲಿದ ಕ್ಷಣದಿಂದ ತಲುಪಿದ ಕಡೆ ಗೇಟಿಗೆ ಬಂದು ನಿಲ್ಲುವವರೆಗಿನ ಸಮಯ ಅದು, ವಾಯುಯಾನದವರು ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಗೇಟಿನಿಂದ ರನ್‌ವೇವರೆಗೆ ಸಾಗಲು, ಸರತಿಯಲ್ಲಿ ಕಾಯಲು ಇಪ್ಪತ್ತು ನಿಮಿಷ, ಇಳಿದ ಮೇಲೆ ಹತ್ತು ನಿಮಿಷ, ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ ಇರುವುದಕ್ಕೆ ಹದಿನೈದು ನಿಮಿಷ ಎಂದು ಒಟ್ಟು ಮುಕ್ಕಾಲು ಗಂಟೆ ಸೇರಿಸಿ. ಆಗ ಹೋಗುವ ಅವಧಿ 11 ಗಂಟೆ 20 ನಿಮಿಷ, ಬರುವ ಅವಧಿ 10 ಗಂಟೆ 13 ನಿಮಿಷ. ವಿಮಾನಯಾನ ಸಂಸ್ಥೆಗಳ ವೇಳಾಪಟ್ಟಿಯ ಅಂಕಿಗಳು ಇದರ ಆಸುಪಾಸಿನಲ್ಲೇ ಇರುತ್ತವೆ. ಸ್ವಲ್ಪ ಹೆಚ್ಚು ಕಂಡರೆ ಅದಕ್ಕೂ ಕಾರಣವಿದೆ: ಸಣ್ಣ ತಡಗಳನ್ನು ನುಂಗಿಕೊಂಡು ಸಮಯಕ್ಕೆ ಸರಿಯಾಗಿ ತಲುಪಲಿ ಎಂದು ಅವರು ವೇಳಾಪಟ್ಟಿಯಲ್ಲಿ ತುಸು ಸಡಿಲು ಬಿಟ್ಟಿರುತ್ತಾರೆ. ನಿಮ್ಮ ಅಂದಾಜನ್ನು ಪರೀಕ್ಷಿಸಬೇಕೆಂದರೆ ವಿಮಾನಗಳ ಹಾರಾಟವನ್ನು ತೋರಿಸುವ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್ ಜಾಲತಾಣದಲ್ಲಿ ಅದೇ ಹಾರಾಟ ಸಂಖ್ಯೆಯ ಇತ್ತೀಚಿನ ದಿನಗಳ ನಿಜವಾದ ಸಮಯಗಳನ್ನು ನೋಡಿ. ಒಂದೇ ದಿನದ ಅಂಕಿಯನ್ನು ನಂಬದೆ ಒಂದು ವಾರದ್ದನ್ನಾದರೂ ನೋಡಬೇಕು. ಪ್ರಯಾಣ ಜನವರಿಯಲ್ಲಿದ್ದರೆ ಜುಲೈನ ಅಂಕಿಗಳಿಂದ ಪ್ರಯೋಜನ ಕಡಿಮೆ.

ಗಡಿಯಾರದ ಲೆಕ್ಕ

ಹೊರಡುವ ಸಮಯವನ್ನು ಹೊರಡುವ ಊರಿನ ಗಡಿಯಾರದಲ್ಲೂ, ತಲುಪುವ ಸಮಯವನ್ನು ತಲುಪುವ ಊರಿನ ಗಡಿಯಾರದಲ್ಲೂ ಬರೆಯುವುದು ಜಗತ್ತಿನಾದ್ಯಂತ ಇರುವ ಪದ್ಧತಿ. ಒಂದನ್ನು ಇನ್ನೊಂದರಿಂದ ಕಳೆದು ಅವಧಿ ತೆಗೆಯಲು ಹೋದವರು ಮೋಸ ಹೋಗುತ್ತಾರೆ. ಎಲ್ಲವನ್ನೂ ಮೊದಲು ಯುಟಿಸಿ ಎಂಬ ವಿಶ್ವ ಸಮಯಕ್ಕೆ ಬದಲಿಸಿ, ಕೂಡುವ ಕಳೆಯುವ ಕೆಲಸವನ್ನೆಲ್ಲ ಅದರಲ್ಲೇ ಮುಗಿಸಿ, ಕೊನೆಯಲ್ಲಿ ಮಾತ್ರ ಸ್ಥಳೀಯ ಸಮಯಕ್ಕೆ ಬರುವುದು ಸುರಕ್ಷಿತ ಮಾರ್ಗ.

ಜನವರಿಯ ಒಂದು ಮಧ್ಯಾಹ್ನ 3 ಗಂಟೆಗೆ ಲಂಡನ್ನಿನಿಂದ ಹೊರಟಿರಿ ಎನ್ನೋಣ. ಚಳಿಗಾಲದಲ್ಲಿ ಲಂಡನ್ ಸಮಯವೇ ಯುಟಿಸಿ, ಅಂದರೆ 15:00. ಅದಕ್ಕೆ 11:20 ಸೇರಿಸಿದರೆ ಯುಟಿಸಿಯಲ್ಲಿ ಮರುದಿನ 02:20. ಲಾಸ್ ಏಂಜಲೀಸ್ ಆಗ ಯುಟಿಸಿಗಿಂತ 8 ಗಂಟೆ ಹಿಂದಿರುವುದರಿಂದ ಅಲ್ಲಿ ಅದೇ ದಿನದ ಸಂಜೆ 6 ಗಂಟೆ 20 ನಿಮಿಷ. ಎರಡು ಗಡಿಯಾರಗಳನ್ನು ಮಾತ್ರ ನೋಡಿದವರಿಗೆ ಇದು ಮೂರು ಗಂಟೆ ಇಪ್ಪತ್ತು ನಿಮಿಷದ ಪ್ರಯಾಣ! ಮರಳುವಾಗ ಅಲ್ಲಿಂದ ಸಂಜೆ 6ಕ್ಕೆ ಹೊರಟರೆ ಯುಟಿಸಿ ಮರುದಿನ 02:00. ಹತ್ತೂಕಾಲು ಗಂಟೆ ಸೇರಿಸಿದರೆ ಲಂಡನ್ನಿನಲ್ಲಿ ಮರುದಿನ ಮಧ್ಯಾಹ್ನ 12:15. ಗಡಿಯಾರಗಳ ನಡುವಿನ ವ್ಯತ್ಯಾಸ ಈಗ ಹದಿನೆಂಟೂಕಾಲು ಗಂಟೆ.

ಎರಡು ಊರುಗಳ ನಡುವಿನ ಸಮಯದ ಅಂತರ ವರ್ಷವಿಡೀ ಒಂದೇ ಇರುತ್ತದೆ ಎಂದು ತಿಳಿಯಬೇಡಿ. ಅಮೆರಿಕದ ಹೆಚ್ಚಿನ ಭಾಗದಲ್ಲಿ ಬೇಸಿಗೆಯ ಗಡಿಯಾರ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ, ಬ್ರಿಟನ್ ಮತ್ತು ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ಇರುತ್ತದೆ. ಹಾಗಾಗಿ ಮಾರ್ಚ್‌ನಲ್ಲಿ ಎರಡು ಮೂರು ವಾರ, ಶರತ್ಕಾಲದಲ್ಲಿ ಒಂದು ವಾರ ಲಂಡನ್ ಮತ್ತು ಲಾಸ್ ಏಂಜಲೀಸ್ ನಡುವಿನ ಅಂತರ ಎಂಟರ ಬದಲು ಏಳು ಗಂಟೆ. ಭಾರತ, ಜಪಾನ್, ಸಿಂಗಪುರ ಗಡಿಯಾರ ಬದಲಿಸುವುದಿಲ್ಲ. ಆದರೆ ಅಲ್ಲಿಂದ ತಲುಪುವ ಊರಿನ ಗಡಿಯಾರ ಬದಲಾಗಬಹುದು. ಎಲ್ಲ ಕಾಲವಲಯಗಳೂ ಪೂರ್ಣ ಗಂಟೆಯವಲ್ಲ ಎಂಬುದೂ ನೆನಪಿನಲ್ಲಿರಲಿ: ಭಾರತ ಯುಟಿಸಿಗಿಂತ ಐದೂವರೆ ಗಂಟೆ ಮುಂದು, ನೇಪಾಳ ಐದೂಮುಕ್ಕಾಲು ಗಂಟೆ ಮುಂದು.

ಪೆಸಿಫಿಕ್ ಸಾಗರದ ನಡುವಿನ ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ದಾಟುವಾಗ ತಾರೀಖೂ ಲೆಕ್ಕಕ್ಕೆ ಬರುತ್ತದೆ. ಚಳಿಗಾಲದಲ್ಲಿ ಟೋಕಿಯೋದಿಂದ ಸಂಜೆ 5ಕ್ಕೆ ಹೊರಟು ಒಂಬತ್ತು ಗಂಟೆ ಹಾರಿದ ವಿಮಾನ ಸ್ಯಾನ್ ಫ್ರಾನ್ಸಿಸ್ಕೊ ತಲುಪುವುದು ಅದೇ ತಾರೀಖಿನ ಬೆಳಿಗ್ಗೆ 9ಕ್ಕೆ. ಹೊನೊಲುಲು ಮತ್ತು ಕಿರಿಬಾಟಿ ದೇಶದ ಕಿರಿಟಿಮಾಟಿ ದ್ವೀಪದ ನಡುವಿನ ದೂರ ಸುಮಾರು 2,100 ಕಿಲೋಮೀಟರ್. ಒಂದು ಯುಟಿಸಿಗಿಂತ ಹತ್ತು ಗಂಟೆ ಹಿಂದು, ಇನ್ನೊಂದು ಹದಿನಾಲ್ಕು ಗಂಟೆ ಮುಂದು. ಎರಡೂ ಕಡೆ ಗಡಿಯಾರದ ಮುಳ್ಳುಗಳು ಒಂದೇ ಸಮಯ ತೋರಿಸುತ್ತವೆ, ಕ್ಯಾಲೆಂಡರ್ ಮಾತ್ರ ಪೂರ್ತಿ ಒಂದು ದಿನ ಬೇರೆ. ಯುಟಿಸಿಯಲ್ಲಿ ಲೆಕ್ಕ ಮಾಡಿದವರಿಗೆ ದಿನಾಂಕ ರೇಖೆಗೆಂದು ಬೇರೆ ತಿದ್ದುಪಡಿ ಬೇಕಾಗುವುದಿಲ್ಲ. ಟಿಕೆಟಿನಲ್ಲಿ ತಲುಪುವ ಸಮಯದ ಪಕ್ಕದಲ್ಲಿ ಸಣ್ಣದಾಗಿ ಅಚ್ಚಾಗಿರುವ ‘+1’ ಅಥವಾ ‘−1’ ತಾರೀಖಿನ ಬದಲಾವಣೆಯ ಗುರುತು. ಹೋಟೆಲ್ ಕಾದಿರಿಸುವ ಮುನ್ನ ಅದನ್ನು ನೋಡಲೇಬೇಕು.

ನಡುವೆ ವಿಮಾನ ಬದಲಿಸುವುದಿದ್ದರೆ

ಪ್ರತಿ ಹಂತದ ದೂರವನ್ನು ಬೇರೆಯಾಗಿ ಲೆಕ್ಕ ಹಾಕಿ ಕೂಡಿಸಿ, ಆ ಮೊತ್ತವನ್ನು ನೇರ ಮಹಾವೃತ್ತದ ದೂರದೊಂದಿಗೆ ಹೋಲಿಸಿ. ಲಂಡನ್ನಿನಿಂದ ಆಸ್ಟ್ರೇಲಿಯಾದ ಸಿಡ್ನಿಗೆ ಮಹಾವೃತ್ತದ ದೂರ ಸುಮಾರು 17,020 ಕಿಲೋಮೀಟರ್. ಸಿಂಗಪುರದ ಮೂಲಕ ಹೋದರೆ 10,890 ಮತ್ತು 6,290 ಸೇರಿ 17,180. ಶೇಕಡಾ ಒಂದರಷ್ಟು ಮಾತ್ರ ಹೆಚ್ಚು. ದುಬೈ ಮೂಲಕವಾದರೆ 5,500 ಮತ್ತು 12,040 ಸೇರಿ 17,540. ಲಾಸ್ ಏಂಜಲೀಸ್ ಮೂಲಕ ಹೋದರೆ ಮೊತ್ತ 20,800ನ್ನು ದಾಟುತ್ತದೆ. ಮೊದಲ ಎರಡರ ನಡುವಿನ 360 ಕಿಲೋಮೀಟರ್ ವ್ಯತ್ಯಾಸ ಅರ್ಧ ಗಂಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿ ಆಯ್ಕೆಯನ್ನು ತೀರ್ಮಾನಿಸಬೇಕಾದದ್ದು ನಡುವಿನ ನಿಲ್ದಾಣದಲ್ಲಿ ಎಷ್ಟು ಹೊತ್ತು ಕಾಯಬೇಕು ಎಂಬುದೇ ಹೊರತು ಕಿಲೋಮೀಟರ್‌ಗಳಲ್ಲ. ಎರಡು ನಿಲುಗಡೆಗಳ ಅಗ್ಗದ ಟಿಕೆಟ್ ಒಟ್ಟು ಅವಧಿಯನ್ನು ಮೂವತ್ತು ಗಂಟೆಗೂ ಮೇಲೆ ಒಯ್ಯುವುದು ಸಾಮಾನ್ಯವಾಗಿ ಹಾರಾಟದಿಂದಲ್ಲ, ಕಾಯುವಿಕೆಯಿಂದ.

ಕಾಯುವ ಸಮಯ ತೀರ ಕಡಿಮೆಯಿರುವುದೂ ಒಳ್ಳೆಯದಲ್ಲ. ಪ್ರತಿ ನಿಲ್ದಾಣಕ್ಕೂ ವಿಮಾನ ಬದಲಿಸಲು ಬೇಕಾದ ಕನಿಷ್ಠ ಸಮಯವನ್ನು ನಿಗದಿ ಮಾಡಿರುತ್ತಾರೆ, ಒಂದೇ ಟಿಕೆಟಿನಲ್ಲಿ ಇಡೀ ಪ್ರಯಾಣವನ್ನು ಮಾರುವಾಗ ಅದನ್ನು ಪಾಲಿಸುತ್ತಾರೆ. ಆ ಕನಿಷ್ಠದಲ್ಲಿ ವಲಸೆ ತಪಾಸಣೆಯ ಉದ್ದನೆಯ ಸಾಲಿಗೆ ಎಡೆಯಿರುವುದು ಕಡಿಮೆ. ಅಮೆರಿಕದಲ್ಲಂತೂ ಮುಂದೆ ಬೇರೆ ದೇಶಕ್ಕೆ ಹೋಗುವವರೂ ಸಾಮಾನ್ಯವಾಗಿ ಮೊದಲು ಇಳಿದ ನಿಲ್ದಾಣದಲ್ಲೇ ವಲಸೆ ಮತ್ತು ಕಸ್ಟಮ್ಸ್ ತಪಾಸಣೆ ಮುಗಿಸಿ, ಲಗೇಜನ್ನು ಎತ್ತಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಎರಡು ಹಂತಗಳನ್ನು ಬೇರೆ ಬೇರೆ ಟಿಕೆಟ್‌ಗಳಲ್ಲಿ ಕೊಂಡಿದ್ದರೆ ಮೊದಲ ವಿಮಾನ ತಡವಾದಾಗ ಎರಡನೆಯದನ್ನು ಬದಲಿಸಿಕೊಡುವ ಹೊಣೆ ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ. ಅಂಥ ಪ್ರಯಾಣಕ್ಕೆ ಮೇಲಿನ ವಿಧಾನದಲ್ಲಿ ಮೊದಲ ಹಂತದ ಅವಧಿಯನ್ನು ಆ ಋತುವಿನ ಬಲವಾದ ಎದುರುಗಾಳಿಯನ್ನು ಹಿಡಿದು ಲೆಕ್ಕ ಹಾಕಿ; ಅದರ ಮೇಲೆ ನಾಲ್ಕು ಗಂಟೆಗೆ ಕಡಿಮೆಯಿಲ್ಲದಂತೆ ಬಿಡುವು ಇಟ್ಟುಕೊಂಡು ಎರಡನೆಯ ವಿಮಾನವನ್ನು ಆರಿಸಿ. ಆ ಹೊತ್ತಿಗೆ ಸರಿಯಾದ ವಿಮಾನ ಸಿಗದಿದ್ದರೆ ಒಂದು ರಾತ್ರಿ ಅಲ್ಲೇ ಉಳಿದು ಮರುದಿನ ಬೆಳಗಿನ ವಿಮಾನ ಹಿಡಿಯುವುದು ಮೇಲು.